ಹೆಮಟೈಟ್ ಅಂತ ದುಡ್ಡು ತಗೊಂಡು ಅಯಸ್ಕಾಂತ ಕಳಿಸಿದರು

ಗೇಮ್‌ಗೆ ಅಂತ ಆನ್‌ಲೈನ್‌ನಲ್ಲಿ ಹೆಮಟೈಟ್ ಕಲ್ಲು ತರಿಸುವವರು ದುಡ್ಡು ಹಾಕುವ ಮುಂಚೆ ಇದನ್ನು ಓದಿ. ನನ್ನ 1,450 ರೂಪಾಯಿ ಹೋಯಿತು. ಅದಕ್ಕಿಂತ ಜಾಸ್ತಿ ಹೊಟ್ಟೆ ಉರಿಸಿದ್ದು ಮಾರಿದವರ ಉತ್ತರ.

ಕಾರವಾರದಲ್ಲಿ ನಾವು ಐದು ಜನ ಭಾನುವಾರ ಡಂಜನ್ಸ್ ಆಂಡ್ ಡ್ರ್ಯಾಗನ್ಸ್ ಆಡುತ್ತೇವೆ, ಮೇಜಿನ ಸುತ್ತ ಕೂತು ಪಾತ್ರ ಹಾಕಿಕೊಂಡು ಕಥೆ ಕಟ್ಟುವ ಆಟ. ಆಟ ನಡೆಸುವುದು ನಾನು. ಆಟದ 5ನೇ ಆವೃತ್ತಿಯ ನಿಧಿ ಪಟ್ಟಿಯಲ್ಲಿ ಹೆಮಟೈಟ್ ತೀರಾ ಅಗ್ಗದ ರತ್ನ, ಒಂದಕ್ಕೆ ಆಟದ 10 ಚಿನ್ನದ ನಾಣ್ಯ. ಆದರೂ ಆಟದಲ್ಲಿ ಮೊದಲ ನಿಧಿ ಸಿಕ್ಕ ದಿನ ಹುಡುಗರ ಕೈಗೆ ನಿಜವಾದ ಕಲ್ಲೇ ಇಡಬೇಕು ಅಂತ ನನಗೆ ತುಂಬಾ ಆಸೆ ಇತ್ತು. 'ನೂರಕ್ಕೆ ನೂರು ನೈಸರ್ಗಿಕ' ಅಂತ ಬರೆದಿದ್ದರು, ನಂಬಿ 20 ಕಲ್ಲಿಗೆ ಪೂರ್ತಿ ದುಡ್ಡು ಮೊದಲೇ ಹಾಕಿದೆ.

ಆವತ್ತು ಎಲ್ಲರೆದುರು ಚೀಲ ಬಿಚ್ಚಿ ಮೇಜಿನ ಮೇಲೆ ಸುರಿದೆ. ಒಂದೂ ಉರುಳಲಿಲ್ಲ. ಇಪ್ಪತ್ತೂ ಒಂದಕ್ಕೊಂದು ಕಚ್ಚಿಕೊಂಡು ಮುದ್ದೆಯಾಗಿ ಬಿದ್ದವು, ಬಿಡಿಸಿದರೆ ಮತ್ತೆ ಟಪ್ ಅಂತ ಅಂಟಿಕೊಳ್ಳುತ್ತಿದ್ದವು. ಅಂಕೋಲೆಯ ಗೆಳೆಯ ಸುಮ್ನೆ ನೋಡುತ್ತಿದ್ದವನು, "ಇದು ಅದಿರಲ್ಲ ಮಾರಾಯಾ" ಅಂದ. ಬೇಲೆಕೇರಿ ಬಂದರಿಗೆ ಅದಿರಿನ ಲಾರಿ ಓಡುತ್ತಿದ್ದ ಕಾಲದಲ್ಲಿ ಅವರ ಮನೆ ಅಂಗಳ ಎಲ್ಲ ಕೆಂಪು ಧೂಳು. ಹೆಮಟೈಟ್ ಅಂದರೆ ಅದೇ ಕಬ್ಬಿಣದ ಅದಿರು ಅಲ್ವಾ, ಮೇಲೆ ಎಷ್ಟೇ ಕಪ್ಪಗೆ ಹೊಳೆದರೂ ಉಜ್ಜಿದರೆ ಕೆಂಪೇ ಬರಬೇಕು. ಟೈಲ್ಸ್ ತುಂಡಿನ ಹಿಂಬದಿಗೆ ಗೀರಿದೆವು. ಕಪ್ಪು ಗೆರೆ. ಇನ್ನೊಂದು ಗೀರಿದೆ, ಅದೂ ಕಪ್ಪು. ಎಲ್ಲರೂ ನನ್ನ ಮುಖ ನೋಡಿದರು. ಆಟ ಅಲ್ಲಿಗೇ ನಿಂತಿತು.

ರಾತ್ರಿಯೇ ಮೆಸೇಜ್ ಮಾಡಿದೆ. "ಸರ್, ಅಂಟಿದರೇನೇ ಒರಿಜಿನಲ್" ಅಂದರು. ಶುದ್ಧ ಸುಳ್ಳು! ಅಸಲಿ ಹೆಮಟೈಟ್‌ಗೆ ಅಯಸ್ಕಾಂತದ ಗುಣ ಬಹಳ ಕಮ್ಮಿ, ಹೀಗೆ ಬಿಗಿಯಾಗಿ ಕಚ್ಚಿಕೊಳ್ಳುವುದು ಕಾರ್ಖಾನೆಯಲ್ಲಿ ಮಾಡಿದ ಫೆರೈಟ್ ಅನ್ನುವ ಕೃತಕ ಅಯಸ್ಕಾಂತ. ಗೀರಿದ ಫೋಟೋ ಕಳಿಸಿದೆ. ಆಗ, "ಗೀರಿದ ಮಾಲು ವಾಪಸ್ ಇಲ್ಲ." ಗೀರದೆ ಗೊತ್ತಾಗುವುದು ಹೇಗೆ? ಆಮೇಲೆ ಬಂತು ನೋಡಿ, "ಗೇಮ್‌ಗೆ ತಾನೇ ಸರ್, ಒರಿಜಿನಲ್ ಯಾಕೆ ಬೇಕು?" ಹಾಗಾದರೆ ಒರಿಜಿನಲ್ ಅಂತ ದುಡ್ಡು ತಗೊಂಡದ್ದು ಯಾಕೆ? ಇದನ್ನೇ ಮೂರು ಸಲ ಕೇಳಿದೆ. ಓದಿದ್ದಾರೆ, ಉತ್ತರ ಇಲ್ಲ.

'ಮ್ಯಾಗ್ನೆಟಿಕ್ ಹೆಮಟೈಟ್' ಅಂತ ಕಂಡರೆ ಮುಟ್ಟಲೇಬೇಡಿ. ಒಂದೇ ಕಲ್ಲು ತರಿಸಿ, ಟೈಲ್ಸ್ ಹಿಂದೆ ಗೀರಿ, ಕೆಂಪು ಬಂದರೆ ಮಾತ್ರ ಉಳಿದದ್ದಕ್ಕೆ ದುಡ್ಡು ಹಾಕಿ. ಪಾರ್ಸೆಲ್ ಬಿಚ್ಚುವಾಗ ವಿಡಿಯೋ ಮಾಡಿ, ನಾನು ಮಾಡಿರಲಿಲ್ಲ.