ಕಂಪ್ರೆಷನ್ ಸಾಕ್ಸ್: ಕಾಲಿಗೆ ಒಳ್ಳೆಯದು, ನಮ್ಮ ಮಳೆಗೆ ಆಗಿಬರಲ್ಲ

ವೇರಿಕೋಸ್ ವೇನ್, ಅಂದರೆ ಕಾಲಿನ ರಕ್ತನಾಳ ಉಬ್ಬಿ ಸುರುಳಿಯಾದವರಿಗೆ ಡಾಕ್ಟರ್ ಬರೆದುಕೊಡುವ, ಕಾಲನ್ನು ಹೊರಗಿನಿಂದ ಒತ್ತಿ ಹಿಡಿಯುವ ಕ್ಲಾಸ್ 2 (ಮಧ್ಯಮ ಬಿಗಿಯ) ಸಾಕ್ಸ್ ಇದು. ಮೊಣಕಾಲಿನ ಕೆಳಗಿನವರೆಗೆ ಬರುತ್ತದೆ, ಬೆರಳ ಕಡೆ ತೆರೆದಿರುತ್ತದೆ. ತೀರ್ಥಹಳ್ಳಿಯಲ್ಲಿ ನನ್ನ ಅಳತೆ ಸಿಗದೆ ಶಿವಮೊಗ್ಗದಿಂದ ತಂದೆ. ಈಗ ಎರಡನೇ ಮಳೆಗಾಲ.

ಮೊದಲು ಬೈದುಬಿಡುತ್ತೇನೆ. ಇದು ಒಣಗುವುದೇ ಇಲ್ಲ! ಹಿಂಡಬಾರದು, ನೆರಳಲ್ಲಿ ಒಣಗಿಸಬೇಕು ಅಂತ ಡಬ್ಬಿ ಮೇಲಿದೆ. ಆಷಾಢದಲ್ಲಿ ನಮ್ಮಲ್ಲಿ ನೆರಳು ಬಿಟ್ಟು ಬೇರೇನಿದೆ? ರಾತ್ರಿ ತೊಳೆದರೆ ಬೆಳಗ್ಗೆಯೂ ತಣ್ಣಗೆ ಅಂಟುತ್ತದೆ, ಮುಗ್ಗಲು ವಾಸನೆ ಬೇರೆ. ಉಳಿದ ಬಟ್ಟೆಯೆಲ್ಲ ಬಚ್ಚಲ ಒಲೆ ಹತ್ತಿರ ಒಣಗುತ್ತವೆ. ಇದನ್ನು ಅಲ್ಲಿಟ್ಟರೆ ಬಿಸಿಗೆ ಎಲಾಸ್ಟಿಕ್ ಸಡಿಲ. ಒಣ ಟವೆಲ್‌ನಲ್ಲಿ ಸುತ್ತಿ, ಒತ್ತಿ, ಫ್ಯಾನ್ ಕೆಳಗೆ ಹರವಬೇಕು. ಅದೂ ಕರೆಂಟ್ ಇದ್ದರೆ. ಹಾಗಾಗಿ ಎರಡು ಜೊತೆ ಇಲ್ಲದೆ ಮಳೆಗಾಲ ದಾಟುವುದಿಲ್ಲ. ಒಂದು ಜೊತೆಗೆ ಎರಡು ಸಾವಿರ ರೂಪಾಯಿ ಹತ್ತಿರ, ಆರು ತಿಂಗಳಿಗೆಲ್ಲ ಬಿಗಿ ಹೋಗುತ್ತದೆ. ಹೋಟೆಲ್ ಅಡುಗೆಯವನಿಗೆ ಇದು ಸಣ್ಣ ಖರ್ಚಲ್ಲ.

ಆದರೂ ಬಿಟ್ಟಿಲ್ಲ. ದೋಸೆ ಕಾವಲಿ ಮುಂದೆ ಗಂಟೆಗಟ್ಟಲೆ ನಿಂತೇ ಕೆಲಸ. ನಡೆದರೆ ಮೀನಖಂಡ ಹಿಂಡಿ ರಕ್ತವನ್ನು ಮೇಲಕ್ಕೆ ತಳ್ಳುತ್ತದೆ. ನಿಂತಲ್ಲೇ ನಿಂತರೆ ಆ ಕೆಲಸ ಆಗುವುದಿಲ್ಲ. ರಕ್ತ ಹಿಂದಕ್ಕೆ ಇಳಿಯದಂತೆ ತಡೆಯುವ ನಾಳದೊಳಗಿನ ಕವಾಟ ಕೆಟ್ಟಿದ್ದರಂತೂ ರಕ್ತ ಕೆಳಗೇ ನಿಲ್ಲುತ್ತದೆ. ಸಂಜೆಗೆ ಕಾಲು ಬಾವು, ನವೆ. ಆಮೇಲೆ ಕಾಲುಗಂಟಿನ ಒಳಬದಿಯ ಮೇಲೆ ಚರ್ಮ ಕಂದು ತಿರುಗಿ ಗಟ್ಟಿಯಾಗುತ್ತದೆ. ಕಪ್ಪಾಗಿದೆ ಅಷ್ಟೇ ಅಂತ ಸುಮ್ನೆ ಬಿಡಬೇಡಿ. ಆ ಚರ್ಮಕ್ಕೆ ಉಂಬಳ (ಜಿಗಣೆ) ಕಚ್ಚಿ ಕೆರೆದುಕೊಂಡ ಗೀರೂ ಹುಣ್ಣಾಗಲು ಸಾಕು. ಎರಡು ವಾರದಲ್ಲಿ ಮಾಯದಿದ್ದರೆ ಡಾಕ್ಟರ ಹತ್ತಿರ ಹೋಗಲೇಬೇಕು. ನಮ್ಮಪ್ಪ ಅರಿಶಿನ, ಸೊಪ್ಪಿನ ರಸ ಅಂತ ವರ್ಷಗಟ್ಟಲೆ ಕಳೆದರು.

ಬೆಳಗ್ಗೆ ಹಾಸಿಗೆ ಬಿಡುವ ಮೊದಲೇ, ಬಾವು ಇಳಿದಿರುವಾಗಲೇ ಹಾಕಿಕೊಳ್ಳುತ್ತೇನೆ. ಪಾದಕ್ಕೆ ತೆಳ್ಳನೆ ಪ್ಲಾಸ್ಟಿಕ್ ಕವರ್ ತೊಡಿಸಿ ಅದರ ಮೇಲೆ ಸಾಕ್ಸ್ ಏರಿಸುವುದು. ಹಿಮ್ಮಡಿ ಸರಿಯಾಗಿ ಕೂತ ಮೇಲೆ ಬೆರಳ ಕಡೆಯಿಂದ ಕವರ್ ಎಳೆದರೆ ಸರ್ರನೆ ಬರುತ್ತದೆ. ಆಮೇಲೆ ಅಂಗೈಯಿಂದ ಸುಕ್ಕು ನೀವಬೇಕು. ಮಡಿಕೆ ಉಳಿದರೆ ಅಲ್ಲೇ ಕೊರೆಯುತ್ತದೆ. ರಾತ್ರಿ ಬಿಚ್ಚಿದಾಗ ಸಿಗುವ ಸುಖ ಇದೆಯಲ್ಲ, ಅದಕ್ಕೇ ಅರ್ಧ ದುಡ್ಡು ಕೊಡಬಹುದು! ಆಗ ಕೊಬ್ಬರಿ ಎಣ್ಣೆ ಸವರಿ, ಎದೆಗಿಂತ ಎತ್ತರಕ್ಕೆ ದಿಂಬಿನ ಮೇಲೆ ಕಾಲಿಟ್ಟು ಮಲಗುತ್ತೇನೆ. ಹಗಲು ಎಣ್ಣೆ ಬೇಡ, ಸಾಕ್ಸ್ ಹಾಳಾಗುತ್ತದೆ.

ಈಗ ಬಾವು ಜಾಸ್ತಿ ಇಲ್ಲ, ನವೆ ನಿಂತಿದೆ. ಕಂದು ಕಲೆ ಹಾಗೇ ಇದೆ, ಮೇಲಕ್ಕೆ ಹರಡಿಲ್ಲ.

ನನ್ನದು ನೋಡಿ ನೀವೇ ಹೋಗಿ ಕೊಳ್ಳಬೇಡಿ. ಬೀಡಿ ಸೇದುವವರು, ಸಕ್ಕರೆ ಕಾಯಿಲೆಯವರಲ್ಲಿ ರಕ್ತ ಕೆಳಗೆ ಇಳಿಯುವ ನಾಳವೇ ಕಟ್ಟಿರಬಹುದು. ಪಾದ ತಣ್ಣಗಿರುವುದು, ನಡೆದರೆ ಮೀನಖಂಡ ಹಿಡಿದುಕೊಳ್ಳುವುದು, ಬೆರಳ ತುದಿಯಲ್ಲಿ ಹುಣ್ಣಾಗುವುದು ಅದರ ಗುರುತು. ಅಂಥವರಿಗೆ ಈ ಬಿಗಿ ಅಪಾಯ. ನನಗೂ ಡಾಪ್ಲರ್ ಅನ್ನುವ, ರಕ್ತದ ಹರಿವು ನೋಡುವ ಯಂತ್ರದಲ್ಲಿ ಕಾಲಿನ ಬಿಪಿ ನೋಡಿಯೇ ಬರೆದುಕೊಟ್ಟದ್ದು.

ಐದಕ್ಕೆ ಮೂರೂವರೆ ಕೊಡುತ್ತೇನೆ. ಬೇಸಿಗೆಯಲ್ಲಿ ಕೇಳಿದ್ದರೆ ನಾಲ್ಕೂವರೆ. ಮುಂದಿನ ಜೊತೆ ಚರ್ಮದ ಬಣ್ಣದ್ದಲ್ಲ, ಕಪ್ಪು, ಕೆಸರಾದರೂ ಕಾಣಲ್ಲ.