ಬಿಳಿ ಮರಿಹುಳು ಕಂಡ ಕೂಡಲೇ ಔಷಧಿ ಹೊಡೆಯಬೇಡಿ

ಸೀಬೆ, ದ್ರಾಕ್ಷಿ, ಸೀತಾಫಲ ಬೆಳೆಯುವವರು ದಯವಿಟ್ಟು ಇದನ್ನು ಓದಿ. ಔಷಧಿ ಅಂಗಡಿಯವರೊಬ್ಬರ ಮಾತಿನಿಂದ ನಮ್ಮ ಸೀಬೆ ತೋಟದಲ್ಲಿ ಹಿಟ್ಟು ತಿಗಣೆಯನ್ನು (ಗಿಡದ ರಸ ಹೀರುವ, ಮೈಮೇಲೆ ಬಿಳಿ ಹಿಟ್ಟಿನಂತಹ ಮೇಣವಿರುವ ಕೀಟ) ತಿನ್ನುತ್ತಿದ್ದ ಹುಳುಗಳು ಸತ್ತವು, ತಿಗಣೆ ಉಳಿಯಿತು.

ಬೇಸಿಗೆಯಲ್ಲಿ ತಿಗಣೆ ಏರಿದಾಗ ಕ್ರಿಪ್ಟೊಲೀಮಸ್ ಎಂಬ ಗುಲಗಂಜಿ ಹುಳುಗಳನ್ನು ತರಿಸಿ ಗಿಡಗಳಿಗೆ ಬಿಟ್ಟಿದ್ದೆವು. 1898ರಲ್ಲಿ ಆಸ್ಟ್ರೇಲಿಯಾದಿಂದ ನಮ್ಮ ದೇಶಕ್ಕೆ ಬಂದ ಹುಳು ಇದು. ಕೆಂಪು ಮೈ, ಕಪ್ಪು ಚುಕ್ಕೆ ಇದಕ್ಕಿಲ್ಲ; ಮೈ ಕಪ್ಪು, ತಲೆ ಮತ್ತು ಹಿಂತುದಿ ಕಿತ್ತಳೆ. ಮರಿಹುಳುವಂತೂ ದೊಡ್ಡ ಹುಳುವನ್ನು ಹೋಲುವುದೇ ಇಲ್ಲ. ಮೈತುಂಬ ಮೇಣದ ಬಿಳಿ ಎಳೆಗಳು. ತಾನು ತಿನ್ನುವ ತಿಗಣೆಯಂತೆಯೇ ಕಾಣುತ್ತದೆ.

ಮರಿಗಳು ಕೊಂಬೆಗಳಲ್ಲಿ ಹರಡಿದ ಹೊತ್ತಿಗೆ ನಾನು ಊರಿನಲ್ಲಿರಲಿಲ್ಲ. ಅಂಗಡಿಯವರು ಮೊಬೈಲಿನಲ್ಲಿ ಚಿತ್ರ ನೋಡಿ, "ತಿಗಣೆ ಬಲಿತು ದಪ್ಪವಾಗಿದೆ, ನಾಳೆಯೇ ಹೊಡೆಯಿರಿ" ಎಂದು ನನ್ನ ತಮ್ಮನ ಕೈಗೆ ಔಷಧಿ ಕೊಟ್ಟರು. ತೋಟಕ್ಕೆ ಬಂದು ನೋಡಲಿಲ್ಲ, ಹುಳು ಬಿಟ್ಟಿದ್ದೀರಾ ಎಂದು ಕೇಳಲೂ ಇಲ್ಲ. ಆ ದಪ್ಪವೇ ಅವರಿಗೆ ಅನುಮಾನ ಹುಟ್ಟಿಸಬೇಕಿತ್ತು. ತಿಗಣೆ ಬಲಿತರೂ 3–4 ಮಿಲಿಮೀಟರ್ ಆಸುಪಾಸಿನಲ್ಲೇ ಇರುತ್ತದೆ. ಈ ಮರಿಹುಳು ಬಲಿತರೆ 1 ಸೆಂಟಿಮೀಟರ್ ದಾಟುತ್ತದೆ. ಕಡ್ಡಿಯಿಂದ ಮುಟ್ಟಿದರೆ ಸರಸರನೆ ಹರಿದು ಹೋಗುತ್ತದೆ, ತಿಗಣೆಗೆ ಆ ಓಟವಿಲ್ಲ. ಅಷ್ಟು ನೋಡಿದ್ದರೆ ಸಾಕಿತ್ತು. ನನಗೆ ಇಂದಿಗೂ ಸಿಟ್ಟು ಇಳಿದಿಲ್ಲ.

ಸಿಂಪಡಣೆಯಾದ ಮರುದಿನ ಮರಿಗಳು ಗಿಡದ ಬುಡದಲ್ಲಿ ಉದುರಿ ಬಿದ್ದಿದ್ದವು. ತೊಗಟೆಯ ಸಂದಿನಲ್ಲಿ, ಹತ್ತಿಯಂತಹ ಚೀಲದೊಳಗೆ ತಿಗಣೆಯ ಮೊಟ್ಟೆಗಳು ಸುರಕ್ಷಿತವಾಗಿದ್ದವು. ಅವು ಒಡೆದು ಹೊಸ ತಿಗಣೆ ಹೊರಬಂದಾಗ ತಿನ್ನುವವರೇ ಇರಲಿಲ್ಲ. ಅವು ಸುರಿಸಿದ ಅಂಟಿನ ಮೇಲೆ ಕಪ್ಪು ಬೂಷ್ಟು ಬೆಳೆದು, ಕಾಯಿಗಳನ್ನು ವ್ಯಾಪಾರಿ ಮುಟ್ಟಲಿಲ್ಲ.

ಹುಳು ಬಿಟ್ಟಿರುವ ತೋಟವಾದರೆ ಮನೆಯವರಿಗೆ, ಕೆಲಸದವರಿಗೆ, ಔಷಧಿ ಹೊಡೆಯುವವರಿಗೆ ಮರಿಹುಳುವನ್ನು ಕಣ್ಣಾರೆ ತೋರಿಸಿಡಿ. ಇರುವೆಗಳನ್ನೂ ಗಮನಿಸಿ, ಅಂಟಿನ ಸಿಹಿಗಾಗಿ ತಿಗಣೆಯನ್ನು ಕಾಯುವ ಇರುವೆ ಗುಲಗಂಜಿ ಹುಳುವನ್ನು ಓಡಿಸುತ್ತದೆ. ಯಾರಾದರೂ ಚಿತ್ರ ನೋಡಿ ಔಷಧಿ ಬರೆದುಕೊಟ್ಟರೆ ಹೊಡೆಯುವ ಮೊದಲು ಆ ಕೊಂಬೆಯನ್ನೇ ಕತ್ತರಿಸಿ ಕೃಷಿ ವಿಜ್ಞಾನ ಕೇಂದ್ರಕ್ಕೋ ತೋಟಗಾರಿಕೆ ಇಲಾಖೆಗೋ ಕೊಂಡೊಯ್ದು ತೋರಿಸಿ. ಈಗಾಗಲೇ ಹೊಡೆದಿದ್ದರೆ, ಔಷಧಿಯ ಅಂಶ ಎಲೆಯ ಮೇಲಿರುವಾಗ ಹೊಸ ಹುಳು ತಂದು ಬಿಡಬೇಡಿ, ಅವೂ ಸಾಯುತ್ತವೆ.