ಒಂದೇ ಮಾಹಿತಿ, ಐದು ವೇಷ: ವಾಟ್ಸಾಪ್‌ನಲ್ಲಿ ಯಾವುದು ಮುಂದೆ ಹೋಗುತ್ತದೆ?

ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ, ಅಂದರೆ ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣದ ನೀರು, ಮಾಡುವುದು ಬೆಳೆಗಾರರಿಗೆ ಹೊಸತೇನಲ್ಲ. ಆದರೂ ಪ್ರತಿ ಮಳೆಗಾಲದ ಮುಂಚೆ ಅದನ್ನು ಕೇಳುವವರು, ಹೇಳುವವರು, ತಪ್ಪು ಹೇಳುವವರು ಇದ್ದೇ ಇರುತ್ತಾರೆ. ಹೋಲಿಕೆಗೆ ಇದನ್ನೇ ಆರಿಸಿಕೊಂಡಿದ್ದು ಅದಕ್ಕೇ. ಇದೇ ವಿಷಯವನ್ನು ಟೈಪ್ ಮಾಡಿದ ಸಂದೇಶ, ಪೋಸ್ಟರ್, ವಾಯ್ಸ್, ವಿಡಿಯೋ, ಲಿಂಕ್ ಎಂದು ಐದು ರೂಪದಲ್ಲಿ ತೀರ್ಥಹಳ್ಳಿ, ಹೊಸನಗರ, ಸಾಗರ ಕಡೆಯ ಗುಂಪುಗಳಿಗೆ ಬಿಟ್ಟರೆ ಯಾವುದು ಕೈಯಿಂದ ಕೈಗೆ ಹೋಗುತ್ತದೆ? ಯಾವುದು ನಾಲ್ಕನೇ ಕೈಗೂ ಕೆಡದೆ ತಲುಪುತ್ತದೆ? ಎರಡಕ್ಕೂ ಉತ್ತರ ಒಂದೇ ಅಲ್ಲ.

ಮೊದಲು ಟೈಪ್ ಮಾಡಿದ ಸಂದೇಶ. ನೋಡಲು ಸಪ್ಪೆ, ಆದರೆ ಗೆಲ್ಲುವುದು ಇದೇ. ನಿಂತ ರೂಪ ಇದು:

ಬೋರ್ಡೋ ಶೇ. 1, ನೂರು ಲೀಟರಿಗೆ
ಮೈಲುತುತ್ತ 1 ಕೆಜಿ, 50 ಲೀಟರ್ ನೀರಿಗೆ
ಸುಣ್ಣ 1 ಕೆಜಿ, ಬೇರೆ 50 ಲೀಟರ್ ನೀರಿಗೆ
ಪ್ಲಾಸ್ಟಿಕ್ ಡ್ರಮ್ ಮಾತ್ರ, ಕಬ್ಬಿಣ ಬೇಡ
ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಿರಿ
ತುಕ್ಕಿಲ್ಲದ ಕತ್ತಿ ಒಂದು ನಿಮಿಷ ಅದ್ದಿ. ಕೆಂಪಾದರೆ ಸುಣ್ಣ ಸಾಲದು
ಮಾಡಿದ ದಿನವೇ ಹೊಡೆದು ಮುಗಿಸಿ

ಏಳೇ ಸಾಲು. ಇದಕ್ಕೂ ಮೊದಲಿನ ರೂಪದಲ್ಲಿ ಮೇಲೆ ನಮಸ್ಕಾರ, ಕೊಳೆರೋಗದ ರೋಗಾಣುವಿನ ಪರಿಚಯ, ಕೆಳಗೆ ಧನ್ಯವಾದ ಎಲ್ಲ ಇತ್ತು. ಉದ್ದ ಹೆಚ್ಚಾದರೆ ವಾಟ್ಸಾಪ್ ಅರ್ಧಕ್ಕೇ ಕತ್ತರಿಸಿ ‘ಇನ್ನಷ್ಟು ಓದಿ’ ಎಂದು ತೋರಿಸುತ್ತದೆ. ಅಳತೆ ಆ ಗೆರೆಯ ಕೆಳಗೆ ಬಿತ್ತೋ, ಓದುವವನಿಗೆ ಕಾಣುವುದು ನಮಸ್ಕಾರ ಮಾತ್ರ. ಹಾಗಾಗಿ ಅಳತೆ ಮೊದಲು. ಕಾರಣ ಬೇಕಾದವರು ಕೇಳುತ್ತಾರೆ, ಆಗ ಹೇಳಿದರಾಯಿತು.

ಸಂದೇಶಕ್ಕೆ ಇನ್ನೊಂದು ಬಲವಿದೆ. ವಾಟ್ಸಾಪ್‌ನಲ್ಲಿ ಯಾವುದನ್ನೂ ಒಂದೇ ಸಲಕ್ಕೆ ಐದು ಕಡೆಗಿಂತ ಹೆಚ್ಚು ಫಾರ್ವರ್ಡ್ ಮಾಡಲಾಗದು. ತುಂಬಾ ಕೈ ದಾಟಿ ಬಂದದ್ದಕ್ಕೆ ಜೋಡಿ ಬಾಣ ಬೀಳುತ್ತದೆ, ಆಮೇಲೆ ಒಂದು ಸಲಕ್ಕೆ ಒಂದೇ ಕಡೆ. ಅಕ್ಷರವನ್ನಾದರೆ ಕಾಪಿ ಮಾಡಿ ಹೊಸದಾಗಿ ಅಂಟಿಸಬಹುದು. ಭಾವನಿಗೆ ಕಳಿಸುವವರು ತುದಿಗೆ ‘ನಿಮ್ಮ ಕೊನೆಗಾರನಿಗೂ ತೋರಿಸಿ’ (ಕೊನೆಗಾರ ಎಂದರೆ ಅಡಿಕೆ ಮರ ಹತ್ತಿ ಔಷಧಿ ಹೊಡೆಯುವವ) ಎಂದು ಒಂದು ಸಾಲು ಸೇರಿಸುತ್ತಾರೆ. ಆಗ ಅದು ಫಾರ್ವರ್ಡ್ ಅಲ್ಲ, ಭಾವನಿಗೇ ಬರೆದ ಮಾತು. ಅಪಾಯವೂ ಅಲ್ಲೇ ಇದೆ. ಯಾರೋ ಒಬ್ಬರು 1 ಕೆಜಿಯನ್ನು ಒಂದೂವರೆ ಮಾಡಿ ಕಳಿಸಿದರೆ ತಡೆಯುವವರಿಲ್ಲ. ‘ನೂರು ಲೀಟರಿಗೆ’ ಎಂಬುದನ್ನು ಅಂಕಿಯಲ್ಲಿ ಬರೆಯದೆ ಅಕ್ಷರದಲ್ಲೇ ಇಟ್ಟದ್ದು ಒಂದು ಸೊನ್ನೆ ಬಿದ್ದುಹೋಗದಿರಲಿ ಎಂದು. ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿಟ್ಟ ಬರಹವನ್ನು ಹಾಗೇ ಅಂಟಿಸಲೇಬಾರದು. ಫೋನಿನಲ್ಲಿ ಅದು ಇಂಗ್ಲಿಷ್ ಅಕ್ಷರಗಳ ಚೆಲ್ಲಾಪಿಲ್ಲಿಯಾಗಿ ಕಾಣುತ್ತದೆ. ಯೂನಿಕೋಡ್‌ಗೆ ಬದಲಿಸಿಕೊಂಡೇ ಕಳಿಸಬೇಕು.

ಪೋಸ್ಟರ್‌ಗೆ ಅಳತೆ ತಿದ್ದುವ ಭಯವಿಲ್ಲ. ಸ್ಟೇಟಸ್‌ಗೆ ಹಾಕಲೂ ಚಂದ. ಆದರೆ ಕೆಡುವ ಜಾಗಗಳು ಜಾಸ್ತಿ. 1080×1350 ಪಿಕ್ಸೆಲ್ ಚಿತ್ರದಲ್ಲಿ ಆರೇಳು ಸಾಲಿಗಿಂತ ಹೆಚ್ಚು ತುಂಬಿದರೆ ವಾಟ್ಸಾಪ್ ಕುಗ್ಗಿಸಿದ ಮೇಲೆ ಒತ್ತಕ್ಷರ ಮಸುಕಾಗುತ್ತದೆ. ‘ಮೈಲುತುತ್ತ’ದ ಕೆಳಗಿನ ತ-ಒತ್ತು ಮೊದಲು ಹೋಗುತ್ತದೆ. ಸಾಲುಗಳ ಅಂತರ ಇಂಗ್ಲಿಷ್‌ಗೆ ಇಡುವಷ್ಟೇ ಇಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಡಿಕ್ಕಿ ಹೊಡೆಯುತ್ತದೆ, ಒಂದೂವರೆ ಪಟ್ಟು ಬೇಕು. ಕನ್ನಡ ಅಂಕಿ ನೋಡಲು ಚಂದ, ಇಲ್ಲಿ ಮಾತ್ರ ಬೇಡ: ಮಸುಕಾದ ೧ ಸೊನ್ನೆಯಂತೆ ಕಾಣುತ್ತದೆ. ಫೋಟೋಶಾಪ್‌ನಲ್ಲಿ ಒತ್ತು ಪಕ್ಕಕ್ಕೆ ಸಿಡಿದು ನಿಂತರೆ ತಪ್ಪು ಫಾಂಟಿನದೇ ಎಂದುಕೊಳ್ಳಬೇಡಿ. ಟೈಪ್ ಸೆಟ್ಟಿಂಗಿನಲ್ಲಿ ‘ವರ್ಲ್ಡ್ ರೆಡಿ’ ಆಯ್ಕೆ ಮಾಡಿದರೆ ಸಾಮಾನ್ಯವಾಗಿ ಕೂಡಿಕೊಳ್ಳುತ್ತದೆ. ತಾರೀಖು ಚಿತ್ರದ ಒಳಗೇ ಇರಬೇಕು, ಕೆಳಗೆ ಬರೆದದ್ದು ದಾರಿಯಲ್ಲಿ ಉದುರಬಹುದು. ಗುಲಾಬಿ ಹೂವಿನ ಅಂಚು ಹಾಕಿದರೆ ಶುಭೋದಯದ ಸಾಲಿಗೆ ಸೇರಿ, ತೆರೆಯದೇ ಡಿಲೀಟ್ ಆಗುತ್ತದೆ.

ವಾಯ್ಸ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕನ್ನಡಕ ಹುಡುಕಬೇಕಾದ ಹಿರಿಯರಿಗೆ ಇದೇ ಸಲೀಸು. ಊರಿನ ಮಾತಿನ ಧಾಟಿಗೆ ನಂಬಿಕೆಯೂ ಬರುತ್ತದೆ. ಆದರೆ ಡ್ರಮ್ಮಿನ ಎದುರು ನಿಂತು ‘ಸುಣ್ಣ ಎಷ್ಟು ಅಂದ್ರು?’ ಎಂದು ಹುಡುಕಿದರೆ ಮೊದಲಿಂದ ಕೇಳಬೇಕು. ವಾಯ್ಸ್‌ಗೆ ಕೆಳಬರಹ ಹಾಕಲಾಗದು. ಜೊತೆಗೆ ಬೇರೆಯಾಗಿ ಕಳಿಸಿದ ಅಳತೆ ಎರಡನೇ ಕೈಯಲ್ಲೇ ಅದರಿಂದ ಬೇರ್ಪಡುತ್ತದೆ.

ವಿಡಿಯೋ ಒಂದೇ ಕೆಲಸಕ್ಕೆ ಉಳಿದೆಲ್ಲವನ್ನೂ ಮೀರಿಸುತ್ತದೆ: ಕತ್ತಿ ಪರೀಕ್ಷೆ. ಅಲಗಿನ ಮೇಲೆ ತಾಮ್ರ ಕೂತು ಕೆಂಪಾಗುವುದನ್ನು ಎಷ್ಟು ಬರೆದರೂ, ಎಷ್ಟು ಕೆಂಪು ಎಂಬುದು ಓದುಗನಿಗೆ ಹೊಳೆಯುವುದಿಲ್ಲ. ಪಕ್ಕಪಕ್ಕದಲ್ಲಿ ಎರಡು ಕತ್ತಿ, ಒಂದು ಕೆಂಪಾದದ್ದು, ಒಂದು ಹೊಳೆಯುತ್ತಿರುವುದು. ಇದು ಮೊದಲ ಮೂರು ಸೆಕೆಂಡಿನಲ್ಲೇ ಬರಲಿ. ಒಟ್ಟು 40 ಸೆಕೆಂಡ್ ಸಾಕು, ಫೋನ್ ನೆಟ್ಟಗೆ ಹಿಡಿದು ತೆಗೆಯಿರಿ. ಪಂಪಿನ ಸದ್ದಿನಲ್ಲಿ ಮಾತು ಕೇಳದು, ಹಾಗಾಗಿ ಮಾತಿಲ್ಲದೆಯೂ ಅರ್ಥವಾಗಬೇಕು. ಕರೆಂಟ್ ಹೋಗಿ, ಟವರ್ ಮಲಗಿ, ಸಿಗ್ನಲ್ ಒಂದು ಕಡ್ಡಿಗೆ ಇಳಿದ ದಿನ ದೊಡ್ಡ ವಿಡಿಯೋ ಮಸುಕು ಚೌಕವಾಗಿಯೇ ಕೂತಿರುತ್ತದೆ. ಆ ದಿನ ಏಳು ಸಾಲಿನ ಸಂದೇಶ ಮಾತ್ರ ಒಳಗೆ ಬರುತ್ತದೆ.

ಲಿಂಕ್ ಕೊನೆಗೆ ನಿಂತಿತು. ‘ಅಡಿಕೆ ಬೆಳೆಗಾರರಿಗೆ ಶಾಕ್’ ಎಂದು ತಲೆಬರಹ ಕೊಟ್ಟರೆ ತೆರೆದು ನೋಡುತ್ತಾರೆ, ಮುಂದೆ ಕಳಿಸುವುದಿಲ್ಲ. ಒಳಗೇನೂ ಇಲ್ಲವೆಂದರೆ ಕಳಿಸಿದವನ ಮರ್ಯಾದೆ ಹೋಗುತ್ತದಲ್ಲ. ‘100 ಲೀಟರ್ ಬೋರ್ಡೋಗೆ ಅಳತೆ, ಕತ್ತಿ ಪರೀಕ್ಷೆ’ ಎಂಬ ತಲೆಬರಹ ಮಂಕಾದರೂ ಸಾಗುತ್ತದೆ.

ಈ ಐದರಲ್ಲಿ ಯಾವುದನ್ನು ಆರಿಸಿದರೂ ಹೊತ್ತು ತಪ್ಪಿದರೆ ಗುಂಪಿನಲ್ಲೇ ಕೊಳೆಯುತ್ತದೆ. ಮೊದಲ ಸಿಂಪಡಣೆ ಮುಂಗಾರು ಹಿಡಿಯುವ ಮುಂಚೆ, ಎರಡನೆಯದು 40–45 ದಿನಕ್ಕೆ. ಹಾಗಾಗಿ ಸಂದೇಶ ಮೊದಲು ರೋಹಿಣಿ ಮಳೆಯಲ್ಲಿ ಹೋಗಬೇಕು, ಕೊನೆಗಾರರಿಗಾಗಿ ಫೋನ್ ಓಡಾಡುವ ಆ ವಾರ. ಇನ್ನೊಂದು ಸಲ ಪುನರ್ವಸುವಿನಲ್ಲಿ, ಮಳೆ ಹೊಳವಾಗುವ ಲಕ್ಷಣ ಕಂಡ ಹಿಂದಿನ ಸಂಜೆ. ಆಗ ಮೇಲೆ ಒಂದೇ ಸಾಲು ಬದಲಿಸಿ: ‘ಎರಡನೇ ಔಷಧಿಗೂ ಇದೇ ಅಳತೆ’.